ರೆಟ್ ವಾಪಸ್ ಬಂದನಾ? ‘ಸ್ಕಾರ್ಲೆಟ್’ ಕಾದಂಬರಿಯ ಒಂದು ಪ್ರಕರಣ ಅಧ್ಯಯನ

1986ರಲ್ಲಿ ಅಮೆರಿಕದ ಓದುಗರಿಗೆ ಒಂದು ಸುದ್ದಿ ಸಿಕ್ಕಿತು. ‘ಗಾನ್ ವಿತ್ ದ ವಿಂಡ್’ ಕಾದಂಬರಿಗೆ ಮುಂದಿನ ಭಾಗ ಬರಲಿದೆ. ಬರೆಯುವವರು ಅಲೆಕ್ಸಾಂಡ್ರಾ ರಿಪ್ಲಿ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನವರು, ಐತಿಹಾಸಿಕ ಪ್ರೇಮ ಕಾದಂಬರಿಗಳಿಂದ ಆಗಲೇ ಹೆಸರು ಮಾಡಿದ್ದವರು. ಮೂಲ ಕಾದಂಬರಿ ಬರೆದ ಮಾರ್ಗರೆಟ್ ಮಿಚೆಲ್ ತೀರಿಕೊಂಡು ಆ ಹೊತ್ತಿಗೆ 37 ವರ್ಷ ಆಗಿತ್ತು. ಬದುಕಿದ್ದಾಗ ಎಷ್ಟು ಜನ ಕೇಳಿದರೂ ಅವರು ಮುಂದಿನ ಭಾಗ ಬರೆಯಲು ಒಪ್ಪಿರಲಿಲ್ಲ.

ಹಳೆಯ, ಹೆಸರಾದ ಕಾದಂಬರಿಯನ್ನು ಮುಂದುವರಿಸುತ್ತೇನೆ ಅಂತ ಲೇಖಕರು ಹೇಳುವುದು ಈಗ ಮಾಮೂಲಿ ಸಂಗತಿ. ಜೇನ್ ಆಸ್ಟಿನ್ ಒಬ್ಬರ ಪಾತ್ರಗಳನ್ನೇ ಇಟ್ಟುಕೊಂಡು ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದರೆ ಒಂದು ಕೃತಿಯನ್ನು ಬೇರೊಬ್ಬರು ಮುಂದುವರಿಸುವಾಗ ಏನೇನು ಎದುರಾಗುತ್ತದೆ ಅಂತ ತಿಳಿಯಬೇಕಾದರೆ ರಿಪ್ಲಿ ಅವರ ‘ಸ್ಕಾರ್ಲೆಟ್’ ನೋಡಬೇಕು. ವಾರಸುದಾರರು, ಕೋರ್ಟು, ಹರಾಜು, ಓದುಗರ ಆಸೆ, ವಿಮರ್ಶಕರ ಸಿಟ್ಟು, ಜೊತೆಗೆ ಒಬ್ಬ ಲೇಖಕಿಯ ನಿಜವಾದ ದುಡಿಮೆ, ಎಲ್ಲವೂ ಒಂದೇ ಕಡೆ ಸಿಗುತ್ತವೆ.

ಮಿಚೆಲ್ ಬಿಟ್ಟುಹೋದ ಪ್ರಶ್ನೆ

ಮಿಚೆಲ್ ಹುಟ್ಟಿದ್ದು 1900ರಲ್ಲಿ, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಪತ್ರಕರ್ತೆಯಾಗಿದ್ದರು. 1926ರಲ್ಲಿ ಕಾಲಿನ ಹಿಮ್ಮಡಿ ಗಂಟಿಗೆ ಪೆಟ್ಟಾಗಿ ಮನೆಯಲ್ಲೇ ಇರಬೇಕಾಯಿತು. ಆಗ ಗಂಡ ಜಾನ್ ಮಾರ್ಷ್ ಒಂದು ಟೈಪ್‌ರೈಟರ್ ತಂದುಕೊಟ್ಟರು. ಚಿಕ್ಕದೊಂದು ಬಾಡಿಗೆ ಮನೆಯಲ್ಲಿ ಕೂತು ಮೊದಲು ಬರೆದದ್ದು ಕೊನೆಯ ಅಧ್ಯಾಯ. ಉಳಿದದ್ದೆಲ್ಲ ಆಮೇಲೆ, ಹಿಂದುಮುಂದಾಗಿ. ಅಧ್ಯಾಯಗಳು ದೊಡ್ಡ ಕಂದು ಲಕೋಟೆಗಳಲ್ಲಿ ಮನೆ ತುಂಬಾ ಬಿದ್ದಿದ್ದವು. 1935ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನದ ಹೆರಾಲ್ಡ್ ಲೇಥಮ್ ಅಟ್ಲಾಂಟಾಕ್ಕೆ ಬಂದಾಗ ಆ ಲಕೋಟೆಗಳ ರಾಶಿಯನ್ನು ಅವರ ಕೈಗೆ ಒಪ್ಪಿಸಿದರು. ಅದನ್ನು ಹೊತ್ತೊಯ್ಯಲು ಲೇಥಮ್ ಒಂದು ಸೂಟ್‌ಕೇಸ್ ಕೊಳ್ಳಬೇಕಾಯಿತು. ಆಗ ನಾಯಕಿಯ ಹೆಸರು ಸ್ಕಾರ್ಲೆಟ್ ಅಲ್ಲ, ಪ್ಯಾನ್ಸಿ.

ಪುಸ್ತಕ ಹೊರಬಂದದ್ದು 1936ರ ಜೂನ್ 30ಕ್ಕೆ. ಸಾವಿರಕ್ಕೂ ಜಾಸ್ತಿ ಪುಟ, ಬೆಲೆ 3 ಡಾಲರ್. ಆರ್ಥಿಕ ಕುಸಿತದಿಂದ ಜನ ನರಳುತ್ತಿದ್ದ ಕಾಲ ಅದು. ಆದರೂ ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷ ಪ್ರತಿ ಖರ್ಚಾಯಿತು. 1937ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. 1939ರ ಡಿಸೆಂಬರ್‌ನಲ್ಲಿ ಸಿನಿಮಾ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಾರ್ಲೆಟ್ ಓಹಾರಾ ಹತ್ತಿ ಬೆಳೆಯುವ ದೊಡ್ಡ ಜಮೀನಿನ ಮಗಳು. ಆ ಜಮೀನಿನ ಹೆಸರು ಟಾರಾ, ಅಲ್ಲಿ ದುಡಿಯುವವರು ಕಪ್ಪು ಜನಾಂಗದ ಗುಲಾಮರು. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಸೋಲುತ್ತವೆ, ಆ ಲೋಕವೇ ಕುಸಿಯುತ್ತದೆ. ಸ್ಕಾರ್ಲೆಟ್ ಸುಳ್ಳು ಹೇಳಿ, ಹಟ ಹಿಡಿದು, ಯಾರನ್ನು ಬೇಕಾದರೂ ಬಳಸಿಕೊಂಡು ಬದುಕಿ ಉಳಿಯುತ್ತಾಳೆ. ಆಶ್ಲಿ ಎಂಬವನ ಮೇಲೆ ಹುಚ್ಚು ಆಸೆ ಇಟ್ಟುಕೊಂಡೇ ರೆಟ್ ಬಟ್ಲರ್‌ನನ್ನು ಮದುವೆಯಾಗುತ್ತಾಳೆ. ಅವರ ಮಗಳು ಬಾನಿ ಕುದುರೆಯಿಂದ ಬಿದ್ದು ಸಾಯುತ್ತಾಳೆ.

ಕೊನೆಯ ಅಧ್ಯಾಯ ನನಗೆ ತುಂಬಾ ಇಷ್ಟ. ಆಶ್ಲಿಯ ಹೆಂಡತಿ ಮೆಲನಿ ಸತ್ತ ರಾತ್ರಿ ಸ್ಕಾರ್ಲೆಟ್ ಮಂಜಿನಲ್ಲಿ ಮನೆಗೆ ಓಡಿ ಬರುತ್ತಾಳೆ. ತಾನು ಪ್ರೀತಿಸಿದ್ದು ಆಶ್ಲಿಯನ್ನಲ್ಲ, ರೆಟ್‌ನನ್ನು ಅಂತ ಅವಳಿಗೆ ಆಗಷ್ಟೇ ಹೊಳೆದಿದೆ. ಹೇಳಿಯೂಬಿಡುತ್ತಾಳೆ. ರೆಟ್ ಕೂಗಾಡುವುದಿಲ್ಲ. ಸುಸ್ತಾದವನ ಹಾಗೆ ಕೂತು ಮಾತಾಡುತ್ತಾನೆ. ಇಷ್ಟು ವರ್ಷದ ಪ್ರೀತಿ ಸವೆದುಹೋಯಿತು, ಈಗ ಉಳಿದಿರುವುದು ಕನಿಕರ ಮಾತ್ರ ಅನ್ನುತ್ತಾನೆ. ಹೊರಟುಹೋಗುತ್ತಾನೆ. ತಾನು ಪ್ರೀತಿಸಿದ ಇಬ್ಬರು ಗಂಡಸರಲ್ಲಿ ಒಬ್ಬನನ್ನೂ ಅರ್ಥ ಮಾಡಿಕೊಳ್ಳಲಿಲ್ಲ, ಅದಕ್ಕೇ ಇಬ್ಬರನ್ನೂ ಕಳೆದುಕೊಂಡೆ ಅಂತ ಅವಳಿಗೆ ಅರಿವಾಗುತ್ತದೆ. ಆದರೆ ಅದನ್ನು ಈಗ ಯೋಚಿಸುವುದಿಲ್ಲ, ನಾಳೆ ಟಾರಾದಲ್ಲಿ ಯೋಚಿಸುತ್ತೇನೆ, ಹೇಗಾದರೂ ಅವನನ್ನು ವಾಪಸ್ ಪಡೆಯುತ್ತೇನೆ ಅಂದುಕೊಳ್ಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಅವನು ವಾಪಸ್ ಬಂದನಾ? ಮಿಚೆಲ್ ಅವರಿಗೆ ಬರುತ್ತಿದ್ದ ಪತ್ರಗಳಲ್ಲೆಲ್ಲ ಇದೇ ಪ್ರಶ್ನೆ. ತನಗೂ ಗೊತ್ತಿಲ್ಲ ಅನ್ನುತ್ತಿದ್ದರು ಅವರು. ಅದು ನುಣುಚಿಕೊಳ್ಳುವ ಮಾತು ಅಂತ ನನಗೆ ಅನ್ನಿಸುವುದಿಲ್ಲ. ಕೊನೆಯ ಅಧ್ಯಾಯವನ್ನೇ ಮೊದಲು ಬರೆದವರು ಅವರು. ಅಂದರೆ ಇಡೀ ಕಾದಂಬರಿ ಆ ಅಗಲಿಕೆಯ ಕಡೆಗೇ ನಡೆದುಬಂದಿದೆ. ಅದರಾಚೆಗೆ ಅವರ ಮಟ್ಟಿಗೆ ಕತೆ ಇರಲಿಲ್ಲ.

1949ರ ಆಗಸ್ಟ್ 11ರಂದು ಅಟ್ಲಾಂಟಾದ ಪೀಚ್‌ಟ್ರೀ ರಸ್ತೆ ದಾಟುವಾಗ ಅವರಿಗೆ ಕಾರು ಬಡಿಯಿತು. ಐದು ದಿನದ ನಂತರ ತೀರಿಕೊಂಡರು. ಅವರ ಇಚ್ಛೆಯಂತೆ ಗಂಡ ಹಸ್ತಪ್ರತಿಯ ಬಹುಪಾಲನ್ನು ಸುಟ್ಟುಹಾಕಿದರು. ಬರೆದವರು ಇವರೇ ಅನ್ನುವುದಕ್ಕೆ ಸಾಕ್ಷಿ ಬೇಕಾದೀತು ಅಂತ ಒಂದಷ್ಟು ಹಾಳೆಗಳನ್ನು ಮಾತ್ರ ಉಳಿಸಿಕೊಂಡರು. 1952ರಲ್ಲಿ ಗಂಡನೂ ಹೋದರು. ಹಕ್ಕುಗಳು ಅಣ್ಣ ಸ್ಟೀಫನ್ಸ್ ಮಿಚೆಲ್ ಕೈಗೆ ಬಂದವು. ಅವರು ವೃತ್ತಿಯಲ್ಲಿ ವಕೀಲರು.

ಬೇಡ ಅಂದದ್ದು ಬೇಕು ಅಂತ ಆದದ್ದು

ಮಿಚೆಲ್ ಬೇಡ ಅಂದಿದ್ದನ್ನು ಮನೆಯವರೇ ಯಾಕೆ ಮಾಡಿಸಿದರು? ದುಡ್ಡಿನಾಸೆ ಅಂತ ಸುಮ್ನೆ ಹೇಳಿಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಇನ್ನರ್ಧ ಕಾನೂನಿನಲ್ಲಿದೆ.

ಆಗಿನ ಅಮೆರಿಕದ ಕಾನೂನಿನ ಪ್ರಕಾರ 1936ರ ಪುಸ್ತಕಕ್ಕೆ ಪ್ರಕಟಣೆಯಿಂದ 75 ವರ್ಷ ಕಾಪಿರೈಟ್ ಇತ್ತು. ಅಂದರೆ 2011ರ ಕೊನೆಗೆ ಅದು ಮುಗಿಯಬೇಕಿತ್ತು. ಮುಗಿದ ಮೇಲೆ ಯಾರು ಬೇಕಾದರೂ ಸ್ಕಾರ್ಲೆಟ್‌ಳ ಮುಂದಿನ ಕತೆ ಬರೆಯಬಹುದು, ಹೇಗೆ ಬೇಕಾದರೂ ಬರೆಯಬಹುದು. ಅದಕ್ಕಿಂತ ಮೊದಲೇ ನಾವೇ ಒಂದು ಬರೆಸಿಬಿಡೋಣ, ಅದರ ಮೇಲೆ ನಮ್ಮ ಹಿಡಿತ ಇರುತ್ತದೆ, ಅದರ ಕಾಪಿರೈಟೂ ಹೊಸದಾಗಿ ಶುರುವಾಗುತ್ತದೆ. ಇದು ವಾರಸುದಾರರ ಲೆಕ್ಕ.

ಇದಕ್ಕೂ ಮೊದಲು ಸಿನಿಮಾದವರ ಕಡೆಯಿಂದ ಒಂದು ಪ್ರಯತ್ನ ನಡೆದಿತ್ತು. 1970ರ ದಶಕದಲ್ಲಿ ರಿಚರ್ಡ್ ಝಾನುಕ್ ಮತ್ತು ಡೇವಿಡ್ ಬ್ರೌನ್ ಎಂಬ ನಿರ್ಮಾಪಕರು ಮುಂದಿನ ಭಾಗದ ಸಿನಿಮಾ ಮಾಡಲು ಹೊರಟರು. ಅದಕ್ಕಾಗಿ ಆನ್ ಎಡ್ವರ್ಡ್ಸ್ ಎಂಬ ಲೇಖಕಿ ಒಂದು ಕಾದಂಬರಿಯನ್ನೂ ಬರೆದುಕೊಟ್ಟರು. ಸಿನಿಮಾ ಆಗಲಿಲ್ಲ, ಪುಸ್ತಕವೂ ಅಚ್ಚಾಗಲಿಲ್ಲ. ಮುಂದಿನ ಭಾಗದ ಹಕ್ಕು ನಮ್ಮದು ಅಂತ ಎಂಜಿಎಂ ಸ್ಟುಡಿಯೊ ವಾದಿಸಿತು. 1985ರಲ್ಲಿ ಮೇಲ್ಮನವಿ ಕೋರ್ಟು ಆ ವಾದ ಒಪ್ಪಲಿಲ್ಲ, ಹಕ್ಕು ಮಿಚೆಲ್ ಕಡೆಯವರದ್ದೇ ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಸ್ಟೀಫನ್ಸ್ ಕೂಡ ತೀರಿಕೊಂಡಿದ್ದರು. ಅವರ ಮಕ್ಕಳ ಪರವಾಗಿ ಒಂದು ಟ್ರಸ್ಟ್ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ತೀರ್ಪು ಬಂದ ಮರುವರ್ಷವೇ ರಿಪ್ಲಿ ಆಯ್ಕೆಯಾದರು.

ಇಲ್ಲಿ ನಮ್ಮ ದೇಶದ ಒಂದು ಸಂಗತಿ ನೆನಪಾಗುತ್ತದೆ. ರವೀಂದ್ರನಾಥ ಟ್ಯಾಗೋರ್ ತೀರಿಕೊಂಡದ್ದು 1941ರಲ್ಲಿ. ಭಾರತದಲ್ಲಿ ಆಗ ಲೇಖಕರು ಸತ್ತ ಮೇಲೆ 50 ವರ್ಷ ಕಾಪಿರೈಟ್ ಇತ್ತು. 1991ರ ಕೊನೆಗೆ ವಿಶ್ವಭಾರತಿಯ ಕೈಯಿಂದ ಅವರ ಕೃತಿಗಳ ಹಕ್ಕು ಹೋಗುವುದರಲ್ಲಿತ್ತು. ಆಗ ಕಾನೂನನ್ನೇ ತಿದ್ದಿ ಅವಧಿಯನ್ನು 60 ವರ್ಷಕ್ಕೆ ಏರಿಸಿದರು. ದೊಡ್ಡ ಕೃತಿಯ ಹಕ್ಕು ಮುಗಿಯುವ ಹೊತ್ತಿಗೆ ಗಡಿಬಿಡಿ ಶುರುವಾಗುವುದು ಎಲ್ಲ ಕಡೆಯೂ ಇದೆ. ಟ್ಯಾಗೋರ್ ವಿಷಯದಲ್ಲಿ ಕಾನೂನು ಬದಲಾಯಿತು. ಮಿಚೆಲ್ ವಿಷಯದಲ್ಲಿ ಮೊದಲು ಹೊಸ ಕಾದಂಬರಿ ಬಂತು, 1998ರಲ್ಲಿ ಕಾನೂನೂ ಬದಲಾಯಿತು. ಅಮೆರಿಕದಲ್ಲಿ ಇನ್ನೂ 20 ವರ್ಷ ಸೇರಿ ಹಕ್ಕು 2031ರ ಕೊನೆಯವರೆಗೆ ಹೋಯಿತು. ಈ 20 ವರ್ಷ ಸಿಗುತ್ತದೆ ಅಂತ 1986ರಲ್ಲೇ ಗೊತ್ತಿದ್ದಿದ್ದರೆ ಟ್ರಸ್ಟ್ ಅಷ್ಟು ಅವಸರ ಮಾಡುತ್ತಿತ್ತಾ? ನನಗೆ ಅನುಮಾನ.

ರಿಪ್ಲಿ ಮಾಡಿದ ಕೆಲಸ

ಅಲೆಕ್ಸಾಂಡ್ರಾ ರಿಪ್ಲಿ 1934ರಲ್ಲಿ ಹುಟ್ಟಿದವರು. ಬೆಳೆದದ್ದು ಚಾರ್ಲ್ಸ್‌ಟನ್‌ನಲ್ಲಿ, ಓದಿದ್ದು ವಾಸರ್ ಕಾಲೇಜಿನಲ್ಲಿ. ಅಲ್ಲಿ ಓದಲು ವಿದ್ಯಾರ್ಥಿ ವೇತನ ಕೊಟ್ಟದ್ದು ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದವರ ವಂಶದ ಹೆಣ್ಣುಮಕ್ಕಳ ಸಂಘ. ‘ಚಾರ್ಲ್ಸ್‌ಟನ್’ 1981ರಲ್ಲಿ, ‘ಆನ್ ಲೀವಿಂಗ್ ಚಾರ್ಲ್ಸ್‌ಟನ್’ 1984ರಲ್ಲಿ ಬಂದಿದ್ದವು. ಯುದ್ಧದ ನಂತರದ ದಕ್ಷಿಣದ ಮನೆತನಗಳು, ಅವರ ಊಟ, ಉಡುಪು, ನೆಂಟಸ್ತನ, ಹೊರಗೆ ತೋರಿಸಿಕೊಳ್ಳದ ಬಡತನ, ಇವೆಲ್ಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ರೆಟ್ ಬಟ್ಲರ್ ಕೂಡ ಚಾರ್ಲ್ಸ್‌ಟನ್‌ನವನೇ ಅಲ್ವಾ. ಟ್ರಸ್ಟ್ ಇವರನ್ನು ಆರಿಸಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಅವರು ತಯಾರಿ ಮಾಡಿಕೊಂಡ ರೀತಿ ಕೇಳಿ. ಮಿಚೆಲ್ ಅವರ ವಾಕ್ಯದ ನಡೆ ಕೈಗೆ ಹತ್ತಬೇಕು ಅಂತ ಮೂಲ ಕಾದಂಬರಿಯ ನೂರಾರು ಪುಟಗಳನ್ನು ಕೈಯಿಂದ ನಕಲು ಮಾಡಿದರು. ಟೈಪ್ ಮಾಡಲಿಲ್ಲ, ಕೂತು ಕೈಯಲ್ಲೇ ಬರೆದರು. ಸುಮ್ಮನೆ ಓದುವಾಗ ಕಣ್ಣು ತಪ್ಪಿಸಿಕೊಂಡು ಹೋಗುವುದನ್ನು ಕೈ ಬಿಡುವುದಿಲ್ಲ. ಒಂದು ಮಾತುಕತೆ ಎಲ್ಲಿ ನಿಲ್ಲುತ್ತದೆ, ಬಟ್ಟೆಯ ವರ್ಣನೆಗೆ ಎಷ್ಟು ಸಾಲು ಸಿಗುತ್ತದೆ, ಒಂದು ಸಾವಿಗೆ ಎಷ್ಟು ಸಾಲು, ಇದೆಲ್ಲ ಹಾಗೆ ಬರೆದಾಗ ಮಾತ್ರ ಗೊತ್ತಾಗುವುದು. ಇಂಥ ಶ್ರಮ ಹಾಕಿದವರನ್ನು ‘ದುಡ್ಡಿಗಾಗಿ ಬರೆದರು’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು ಇದ್ದದ್ದೂ ನಿಜ, ಬೇಕಾದಷ್ಟು ಇತ್ತು. 1988ರಲ್ಲಿ ಪುಸ್ತಕ ಹರಾಜಿಗೆ ಬಂತು. ಆಗ ಪ್ರಕಾಶಕರ ಕಣ್ಣೆದುರು ಇದ್ದದ್ದು ಮಾದರಿಯ ಕೆಲವೇ ಪುಟ. ವಾರ್ನರ್ ಬುಕ್ಸ್ 49 ಲಕ್ಷ 40 ಸಾವಿರ ಡಾಲರ್ ಕೊಟ್ಟು ಅಮೆರಿಕದ ಹಕ್ಕು ಕೊಂಡುಕೊಂಡಿತು. ಇನ್ನೂ ಬರೆದಿಲ್ಲದ ಕಾದಂಬರಿಗೆ ಅಷ್ಟು ಹಣ ಬಿದ್ದ ಮೇಲೆ ಬರೆಯುವವರ ಕೈ ಕಟ್ಟಿದ ಹಾಗೇ. ಅಷ್ಟು ಹಣ ವಾಪಸ್ ಬರಬೇಕಾದರೆ ಲಕ್ಷಾಂತರ ಜನ ಕೊಳ್ಳಬೇಕು. ಅವರು ಕೊಳ್ಳುವುದು ಒಂದೇ ಪ್ರಶ್ನೆಯ ಉತ್ತರಕ್ಕಾಗಿ. ಆ ಉತ್ತರ ‘ಇಲ್ಲ, ಬರಲಿಲ್ಲ’ ಅಂತ ಇರುವುದು ಸಾಧ್ಯವೇ ಇರಲಿಲ್ಲ.

‘ಸ್ಕಾರ್ಲೆಟ್’ 1991ರ ಸೆಪ್ಟೆಂಬರ್ 25ರಂದು 40 ದೇಶಗಳಲ್ಲಿ ಒಟ್ಟಿಗೆ ಬಿಡುಗಡೆಯಾಯಿತು. 800ಕ್ಕೂ ಜಾಸ್ತಿ ಪುಟ. ಬಂದ ಕೂಡಲೇ ಮಾರಾಟದ ಪಟ್ಟಿಯ ತುದಿಗೆ ಏರಿತು. ವಿಮರ್ಶಕರು ಮಾತ್ರ ಬಹಳ ಕಟುವಾಗಿ ಬರೆದರು.

ಕಾದಂಬರಿಯಲ್ಲಿ ಏನಾಯಿತು

ಮೆಲನಿಯ ಅಂತ್ಯಸಂಸ್ಕಾರದಿಂದ ಕತೆ ಶುರು. ಅಂದರೆ ಮಿಚೆಲ್ ನಿಲ್ಲಿಸಿದ ಜಾಗಕ್ಕೆ ನೇರವಾಗಿ ಅಂಟಿಕೊಂಡು. ಇದು ಜಾಣತನ. ಓದುಗರಿಗೆ ಒಂದು ದಿನದ ಅಂತರವೂ ಕಾಣುವುದಿಲ್ಲ. ಸ್ಕಾರ್ಲೆಟ್ ಟಾರಾಕ್ಕೆ ಹೋಗುತ್ತಾಳೆ, ಅವಳನ್ನು ಸಾಕಿ ಬೆಳೆಸಿದ ಮ್ಯಾಮಿ ಸಾಯುತ್ತಾಳೆ. ಆಮೇಲೆ ರೆಟ್‌ನನ್ನು ಹಿಂಬಾಲಿಸಿ ಚಾರ್ಲ್ಸ್‌ಟನ್‌ಗೆ ಬಂದು ಅತ್ತೆ ಎಲಿನಾರ್ ಬಟ್ಲರ್ ಮನೆಯಲ್ಲಿ ಉಳಿಯುತ್ತಾಳೆ.

ಈ ಚಾರ್ಲ್ಸ್‌ಟನ್ ಭಾಗ ಪುಸ್ತಕದಲ್ಲೇ ಚೆನ್ನಾಗಿದೆ. ರಿಪ್ಲಿ ಇಲ್ಲಿ ಮಿಚೆಲ್ ಅವರನ್ನು ಅನುಕರಿಸುತ್ತಿಲ್ಲ, ತನ್ನ ಊರನ್ನು ಬರೆಯುತ್ತಿದ್ದಾರೆ. ಸೋತು ಬಡವಾದ ಹಳೆಯ ಮನೆತನಗಳು ಮರ್ಯಾದೆಯನ್ನು ಹೇಗೆ ಕಾಪಾಡಿಕೊಳ್ಳುತ್ತವೆ, ಸಂತೆಗೆ ಯಾರು ಯಾವಾಗ ಹೋಗುತ್ತಾರೆ, ಯಾರ ಮನೆಗೆ ಯಾವ ಹೊತ್ತಿಗೆ ಹೋಗಬಹುದು, ಸೊಸೆಯಾದವಳು ಎಲ್ಲಿ ದನಿ ತಗ್ಗಿಸಬೇಕು, ಇದೆಲ್ಲ ಅವರಿಗೆ ಒಳಗಿನಿಂದ ಗೊತ್ತು. ನಮ್ಮ ಕೂಡು ಮನೆಗಳ ಕತೆ ಓದಿ ಬೆಳೆದವರಿಗೆ ಅತ್ತೆ ಎಲಿನಾರ್ ಬೇರೆ ದೇಶದವಳು ಅನ್ನಿಸುವುದೇ ಇಲ್ಲ.

ಆಮೇಲೆ ದೋಣಿಯ ಪ್ರಸಂಗ. ರೆಟ್ ಮತ್ತು ಸ್ಕಾರ್ಲೆಟ್ ಹಾಯಿದೋಣಿಯಲ್ಲಿ ಹೋಗುತ್ತಾರೆ. ಬಿರುಗಾಳಿ ಬಂದು ದೋಣಿ ಮಗುಚುತ್ತದೆ. ಹೇಗೋ ದಡ ಸೇರುತ್ತಾರೆ, ಬದುಕಿದೆವು ಅನ್ನುವ ಉನ್ಮಾದದಲ್ಲಿ ಒಂದಾಗುತ್ತಾರೆ. ಅದು ಕಳೆದ ಕೂಡಲೇ ರೆಟ್ ಮತ್ತೆ ದೂರ ಸರಿಯುತ್ತಾನೆ. ಇಲ್ಲಿಯವರೆಗೆ ಇಬ್ಬರೂ ಮೂಲದ ಪಾತ್ರಗಳೇ. ಅವನಿಗೆ ಅವಳ ಬಗ್ಗೆ ಭಯ, ಅವಳಿಗೆ ಬಿಡಲಾಗದ ಹಟ. ಈ ದೋಣಿಯ ಅಧ್ಯಾಯಗಳಲ್ಲೇ ಕಾದಂಬರಿ ತನ್ನ ಕೊನೆಯನ್ನು ಹುಡುಕಿಕೊಂಡಿದ್ದರೆ ಅದರ ಬಗ್ಗೆ ಜನ ಬೇರೆ ಥರ ಮಾತಾಡುತ್ತಿದ್ದರು ಅಂತ ನನ್ನ ನಂಬಿಕೆ.

ಆದರೆ ಸ್ಕಾರ್ಲೆಟ್ ಬಸುರಿಯಾಗಿದ್ದಾಳೆ. ರೆಟ್‌ಗೆ ಹೇಳುವುದಿಲ್ಲ. ಸವಾನಾದಲ್ಲಿ ಅಜ್ಜನ ಮನೆ, ಅಲ್ಲಿ ಓಹಾರಾ ಕಡೆಯ ಬಂಧುಗಳ ಪರಿಚಯ, ಅಲ್ಲಿಂದ ಐರ್ಲೆಂಡ್. ಅಪ್ಪ ಹುಟ್ಟಿದ ಮೀತ್ ಕೌಂಟಿಯಲ್ಲಿ ಹಳೆಯ ಜಮೀನು ಕೊಂಡು ಬಾಲಿಹಾರಾ ಎಂಬ ಊರನ್ನು ಎಬ್ಬಿಸುತ್ತಾಳೆ. ಮಗಳು ಹುಟ್ಟುತ್ತಾಳೆ, ಹೆಸರು ಕ್ಯಾಟ್. ರೆಟ್ ಇವಳಿಗೆ ವಿಚ್ಛೇದನ ಕೊಟ್ಟು ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಬಂಧು ಕಾಲಂ ಪಾದ್ರಿ. ಗುಟ್ಟಾಗಿ ಇಂಗ್ಲಿಷರ ವಿರುದ್ಧ ಬಂಡಾಯಕ್ಕೆ ಆಯುಧ ಕೂಡಿಸುವವನೂ ಅವನೇ. ಒಬ್ಬ ಇಂಗ್ಲಿಷ್ ಅರ್ಲ್ ಸ್ಕಾರ್ಲೆಟ್‌ಳನ್ನು ಮದುವೆಯಾಗಲು ನೋಡುತ್ತಾನೆ. ಕೊನೆಗೆ ಊರಿಗೆ ಬೆಂಕಿ ಬಿದ್ದ ರಾತ್ರಿ, ಅಷ್ಟರಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ರೆಟ್ ಬಂದು ಸೇರುತ್ತಾನೆ. ಹಳೆಯ ಗೋಪುರವೊಂದರಲ್ಲಿ ಗಂಡ, ಹೆಂಡತಿ, ಮಗಳು ಒಟ್ಟಾಗುತ್ತಾರೆ.

ಕ್ಯಾಟ್ ಬಂದ ಮೇಲೆ ಸ್ಕಾರ್ಲೆಟ್ ಬದಲಾಗುವುದನ್ನು ರಿಪ್ಲಿ ಅಕ್ಕರೆಯಿಂದ ಬರೆದಿದ್ದಾರೆ. ಮೂಲದಲ್ಲಿ ಅವಳು ಒಳ್ಳೆಯ ತಾಯಿ ಅಲ್ಲವೇ ಅಲ್ಲ. ಮಕ್ಕಳ ಕಡೆ ನೋಡುವುದಕ್ಕೂ ಅವಳಿಗೆ ಪುರುಸೊತ್ತಿಲ್ಲ. ಇಲ್ಲಿ ತಾಯ್ತನ ಕಲಿಯುತ್ತಾಳೆ. ಆದರೆ ಮೊದಲ ಇಬ್ಬರು ಮಕ್ಕಳು, ವೇಡ್ ಮತ್ತು ಎಲಾ, ಟಾರಾದಲ್ಲೇ ಉಳಿದುಬಿಡುತ್ತಾರೆ. ತಾಯಿ ಸಾಗರ ದಾಟಿ ಹೊಸ ಮಗುವಿನ ಜೊತೆ ಹೊಸ ಬದುಕು ಕಟ್ಟಿಕೊಂಡಿದ್ದಾಳೆ. ಬಿಟ್ಟುಬಂದ ಮಕ್ಕಳ ಬಗ್ಗೆ ಕಾದಂಬರಿಗೆ ಹೆಚ್ಚಿನ ಚಿಂತೆಯೇ ಇಲ್ಲ. ಇದು ನನ್ನನ್ನು ತುಂಬಾ ಕಾಡಿತು. ಅವಳ ಕ್ರೂರತನವನ್ನು ಕಂಡಿದ್ದರೆ ಅದು ಮಿಚೆಲ್ ಅವರ ಸ್ಕಾರ್ಲೆಟ್. ಇಲ್ಲಿ ಅದನ್ನು ಕಾಣದ ಹಾಗೆ ಮಾಡಿದ್ದಾರೆ.

ಐರ್ಲೆಂಡ್‌ಗೆ ಓಡಿದ್ದು ಯಾಕೆ

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ‘ಗಾನ್ ವಿತ್ ದ ವಿಂಡ್’ ಎಷ್ಟು ಬಲವಾದ ಕತೆಯೋ ಅಷ್ಟೇ ದೊಡ್ಡ ಸುಳ್ಳನ್ನೂ ಹೊತ್ತಿದೆ. ಗುಲಾಮಗಿರಿಯನ್ನು ಅಲ್ಲಿ ಬೆಚ್ಚಗಿನ ಮನೆಯ ವ್ಯವಸ್ಥೆ ಅನ್ನುವ ಹಾಗೆ ತೋರಿಸಿದ್ದಾರೆ. ಬಿಡುಗಡೆಯಾದ ಕಪ್ಪು ಜನರನ್ನು ಕೀಳಾಗಿ ಚಿತ್ರಿಸಿದ್ದಾರೆ. ಅವರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿಗೆ ಗೌರವ ಕೊಟ್ಟಿದ್ದಾರೆ. 1936ರಲ್ಲಿ ಬಹುಪಾಲು ಬಿಳಿಯ ಓದುಗರು ಇದನ್ನು ಪ್ರಶ್ನೆ ಮಾಡಲಿಲ್ಲ. ಆದರೆ ನಡುವೆ ನಾಗರಿಕ ಹಕ್ಕುಗಳ ಹೋರಾಟ ನಡೆದುಹೋಗಿತ್ತು. 1991ರಲ್ಲಿ ಅದೇ ಊರಿನಲ್ಲಿ, ಅದೇ ಜನರ ನಡುವೆ ಕತೆ ಮುಂದುವರಿಸಿದರೆ ಎರಡೇ ದಾರಿ. ಮಿಚೆಲ್ ಅವರ ದೃಷ್ಟಿಯನ್ನೇ ಮುಂದುವರಿಸಬೇಕು, ಅದನ್ನು ಓದುಗರು ಸಹಿಸುವುದಿಲ್ಲ. ಇಲ್ಲವೇ ಅದನ್ನು ಎದುರಿಸಬೇಕು. ಮ್ಯಾಮಿ, ಪೋರ್ಕ್, ಡಿಲ್ಸಿ, ಪ್ರಿಸ್ಸಿ ಇವರೆಲ್ಲ ಬಿಡುಗಡೆಯ ನಂತರ ಏನು ಯೋಚಿಸಿದರು ಅಂತ ಕೇಳಬೇಕು. ಹಾಗೆ ಕೇಳಿದರೆ ಮೂಲದ ಅಡಿಪಾಯವೇ ಅಲುಗಾಡುತ್ತದೆ. ಟ್ರಸ್ಟ್ ಅದಕ್ಕಾಗಿ ಯಾರನ್ನೂ ನೇಮಿಸಿರಲಿಲ್ಲ.

ರಿಪ್ಲಿ ಮೂರನೆಯ ದಾರಿ ಹಿಡಿದರು. ಮ್ಯಾಮಿಯನ್ನು ಶುರುವಿನಲ್ಲೇ ಸಾಯಿಸಿ, ನಾಯಕಿಯನ್ನು ಸಾಗರದಾಚೆ ಕಳಿಸಿಬಿಟ್ಟರು. ಐರ್ಲೆಂಡ್‌ನಲ್ಲಿ ಬಡ ಗೇಣಿದಾರರು, ದಬ್ಬಾಳಿಕೆಯ ಇಂಗ್ಲಿಷ್ ಜಮೀನ್ದಾರರು. ನಿನ್ನೆಯವರೆಗೆ ಗುಲಾಮರ ದುಡಿಮೆಯಲ್ಲಿ ಬೆಳೆದವಳು ಇಲ್ಲಿ ತುಳಿತಕ್ಕೊಳಗಾದವರ ಕಡೆಯವಳು. ಈ ವಿರೋಧವನ್ನು ಒಬ್ಬ ಪಾತ್ರವಾದರೂ ಅವಳ ಮುಖಕ್ಕೆ ಹೇಳಿದ್ದರೆ ಪುಸ್ತಕಕ್ಕೆ ಬೇರೆಯದೇ ತೂಕ ಬರುತ್ತಿತ್ತು. ಹೊಲದಲ್ಲಿ ದುಡಿಯುವ ಐರಿಶ್ ಹೆಂಗಸಿನ ಪಕ್ಕ ನಿಂತ ಸ್ಕಾರ್ಲೆಟ್‌ಗೆ ಟಾರಾದ ಹತ್ತಿಯ ಹೊಲ ನೆನಪಾಗಿ ಗಂಟಲು ಕಟ್ಟಬೇಕಿತ್ತು. ಹಾಗಾಗುವುದಿಲ್ಲ.

ಸೀಕ್ವೆಲ್ ಬರೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೇ ನೋಡಿ. ಕುಮಾರವ್ಯಾಸ ಹತ್ತು ಪರ್ವಕ್ಕೆ ಭಾರತವನ್ನು ನಿಲ್ಲಿಸಿದ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರ್ತಿ ಮಾಡಿದ. ಅದೂ ಅರಸನ ಆಶ್ರಯದಲ್ಲಿ ಆದ ಕೆಲಸವೇ. ಆದರೆ ತಿಮ್ಮಣ್ಣನಿಗೆ ಒಂದು ಅನುಕೂಲ ಇತ್ತು. ಧರ್ಮರಾಯ ಕೊನೆಗೆ ಏನಾದ ಅನ್ನುವುದು ಕೇಳುವವರಿಗೆಲ್ಲ ಮೊದಲೇ ಗೊತ್ತು. ಅವರಿಗೆ ಬೇಕಾಗಿದ್ದದ್ದು ಹೇಳುವ ಸೊಗಸು. ರಿಪ್ಲಿಗೆ ಆ ನೆಮ್ಮದಿ ಇರಲಿಲ್ಲ. ಯಾರಿಗೂ ಗೊತ್ತಿಲ್ಲದ ಕೊನೆಯನ್ನು ಅವರು ಕಟ್ಟಬೇಕಿತ್ತು, ಅದು ಎಲ್ಲರಿಗೂ ಒಪ್ಪಿಗೆಯೂ ಆಗಬೇಕಿತ್ತು.

1994ರ ನವೆಂಬರ್‌ನಲ್ಲಿ ಸಿಬಿಎಸ್ ಚಾನೆಲ್ ಇದನ್ನು ಕಿರು ಧಾರಾವಾಹಿಯಾಗಿ ತೋರಿಸಿತು. ಸ್ಕಾರ್ಲೆಟ್ ಆಗಿ ಜೋನ್ ವಾಲಿ, ರೆಟ್ ಆಗಿ ಟಿಮೊಥಿ ಡಾಲ್ಟನ್. ಕಾದಂಬರಿಯಲ್ಲಿ ಇಲ್ಲದ ಒಂದು ಕೊಲೆ ಮೊಕದ್ದಮೆಯನ್ನೂ ಸೇರಿಸಿದ್ದರು.

ಉಳಿದವರು ಕೇಳಿದ್ದು

ಟ್ರಸ್ಟ್ ಎರಡನೆಯ ಸೀಕ್ವೆಲ್‌ಗೂ ಕೈಹಾಕಿತು. ಈ ಸಲ ಹಕ್ಕು ಕೊಂಡದ್ದು ಸೇಂಟ್ ಮಾರ್ಟಿನ್ಸ್ ಪ್ರೆಸ್. ಬ್ರಿಟನ್ನಿನ ಎಮಾ ಟೆನೆಂಟ್ ಬರೆದುಕೊಟ್ಟದ್ದು ಒಪ್ಪಿಗೆಯಾಗಲಿಲ್ಲ. ದಕ್ಷಿಣದ ಹೆಸರಾಂತ ಕಾದಂಬರಿಕಾರ ಪ್ಯಾಟ್ ಕಾನ್ರಾಯ್ ಜೊತೆ ಮಾತುಕತೆ ನಡೆಯಿತು. ಅವರಿಗೆ ಬೇಕಾಗಿದ್ದದ್ದು ಸ್ವಾತಂತ್ರ್ಯ, ಬೇಕಾದರೆ ಸ್ಕಾರ್ಲೆಟ್‌ಳನ್ನೇ ಸಾಯಿಸುವ ಸ್ವಾತಂತ್ರ್ಯ ಕೂಡ. ಬಿಳಿಯರು ಮತ್ತು ಕಪ್ಪು ಜನರ ನಡುವಿನ ದೇಹಸಂಬಂಧ, ಸಲಿಂಗ ಪ್ರೇಮ, ಇಂಥವು ಕತೆಯಲ್ಲಿ ಬರಬಾರದು ಅಂತ ಷರತ್ತು ಇತ್ತು ಅಂತ ಅವರು ಬಹಿರಂಗವಾಗಿಯೇ ಹೇಳಿದರು. ಮಾತುಕತೆ ಮುರಿಯಿತು. ಕೊನೆಗೆ ಡೊನಾಲ್ಡ್ ಮೆಕೇಗ್ ಬರೆದ ‘ರೆಟ್ ಬಟ್ಲರ್ಸ್ ಪೀಪಲ್’ 2007ರಲ್ಲಿ ಬಂತು. ಅದು ರಿಪ್ಲಿಯ ಕತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐರ್ಲೆಂಡ್ ಇಲ್ಲ, ಕ್ಯಾಟ್ ಇಲ್ಲ. ಅಂದರೆ ಒಂದೇ ಟ್ರಸ್ಟ್ ಒಪ್ಪಿದ ಎರಡು ಪುಸ್ತಕಗಳಲ್ಲಿ ರೆಟ್ ಎರಡು ಬೇರೆ ಬೇರೆ ದಾರಿಯಲ್ಲಿ ವಾಪಸ್ ಬಂದ.

ಇದರ ಮಧ್ಯೆ 2001ರಲ್ಲಿ ಆಲಿಸ್ ರ‍್ಯಾಂಡಲ್ ‘ದ ವಿಂಡ್ ಡನ್ ಗಾನ್’ ಬರೆದರು. ಅನುಮತಿ ಕೇಳಲಿಲ್ಲ. ಟಾರಾದ ಕತೆಯನ್ನು ಅಲ್ಲಿ ಹೇಳುವವಳು ಸಿನಾರಾ, ಜಮೀನಿನ ಒಡೆಯನಿಗೆ ಮ್ಯಾಮಿಯಲ್ಲಿ ಹುಟ್ಟಿದ ಮಗಳು. ಅಂದರೆ ಸ್ಕಾರ್ಲೆಟ್‌ಳ ಮಲತಂಗಿ. ಮಿಚೆಲ್ ತಮ್ಮ ಪುಸ್ತಕದ ಹೆಸರನ್ನು ಅರ್ನೆಸ್ಟ್ ಡೌಸನ್ ಅವರ ಒಂದು ಕವಿತೆಯಿಂದ ತೆಗೆದುಕೊಂಡಿದ್ದರು. ಆ ಕವಿತೆಯಲ್ಲಿ ಕವಿ ಕರೆಯುವ ಹೆಣ್ಣಿನ ಹೆಸರೇ ಸಿನಾರಾ. ಮೂಲದ ಒಳಗೇ ಇದ್ದು ಯಾರೂ ಕೇಳಿಸಿಕೊಳ್ಳದ ಹೆಸರನ್ನು ರ‍್ಯಾಂಡಲ್ ಎತ್ತಿ ಹೊರಗಿಟ್ಟರು.

ಟ್ರಸ್ಟ್ ಕೋರ್ಟಿಗೆ ಹೋಯಿತು. 2001ರ ಏಪ್ರಿಲ್‌ನಲ್ಲಿ ಅಟ್ಲಾಂಟಾದ ಜಿಲ್ಲಾ ಕೋರ್ಟು ಪುಸ್ತಕಕ್ಕೆ ತಡೆ ಕೊಟ್ಟಿತು. ಮೇ ತಿಂಗಳಲ್ಲೇ ಮೇಲ್ಮನವಿ ಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಇದು ಮೂಲದ ಮೇಲಿನ ಟೀಕೆ, ವಿಡಂಬನೆ, ನ್ಯಾಯವಾದ ಬಳಕೆ ಅನ್ನಿಸಿಕೊಳ್ಳುವ ಸಾಧ್ಯತೆ ಇದೆ ಅಂತ ಕೋರ್ಟು ಕಂಡಿತು. 2002ರಲ್ಲಿ ರಾಜಿಯಾಯಿತು. ಅದರಂತೆ ಪ್ರಕಾಶಕರು ಮೋರ್‌ಹೌಸ್ ಕಾಲೇಜಿಗೆ ದೇಣಿಗೆ ಕೊಟ್ಟರು. ಅದು ಅಟ್ಲಾಂಟಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇರುವ ಹಳೆಯ ಕಾಲೇಜು.

ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನ್ನ ತೀರ್ಮಾನ ಇಷ್ಟು. ಬರವಣಿಗೆಯ ಕಸುಬಿನಲ್ಲಿ ರಿಪ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಅವರಿಗೆ ಪಾತ್ರಗಳನ್ನು ಕೊಟ್ಟರು, ಆ ಪಾತ್ರಗಳ ಜೊತೆ ಜಗಳ ಆಡುವ ಹಕ್ಕು ಕೊಡಲಿಲ್ಲ. ರ‍್ಯಾಂಡಲ್‌ಗೆ ಯಾರೂ ಏನೂ ಕೊಡಲಿಲ್ಲ, ಅವರು ಜಗಳವನ್ನೇ ಬರೆದರು. ಮಿಚೆಲ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದವರು ಅವರು. 2014ರಲ್ಲಿ ಟ್ರಸ್ಟ್ ಕೂಡ ಆ ಕಡೆ ಬರಬೇಕಾಯಿತು. ಮೆಕೇಗ್ ಬರೆದ ‘ರುತ್ಸ್ ಜರ್ನಿ’ ಮ್ಯಾಮಿಯ ಕತೆ. ಟ್ರಸ್ಟ್ ಒಪ್ಪಿದ ಪುಸ್ತಕವೊಂದರಲ್ಲಿ ಅವಳಿಗೆ ರುತ್ ಅನ್ನುವ ಸ್ವಂತ ಹೆಸರು ಬಂತು. ಮೂಲ ಪುಸ್ತಕ ಬಂದು 78 ವರ್ಷ ಆದ ಮೇಲೆ!

ರಿಪ್ಲಿ ‘ಸ್ಕಾರ್ಲೆಟ್’ ನಂತರ ಇನ್ನೆರಡು ಕಾದಂಬರಿ ಬರೆದರು, 1994ರಲ್ಲಿ ಮತ್ತು 1996ರಲ್ಲಿ. ಎರಡೂ ಅವರದೇ ಪಾತ್ರಗಳ ಕತೆಗಳು. 2004ರ ಜನವರಿ 10ರಂದು ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ತೀರಿಕೊಂಡರು. ಅವರ ‘ಚಾರ್ಲ್ಸ್‌ಟನ್’ ಓದದೆ ‘ಸ್ಕಾರ್ಲೆಟ್’ ಒಂದರಿಂದಲೇ ಅವರನ್ನು ಅಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಕನ್ನಡದಲ್ಲಿ ಬರೆಯುವವರಿಗೆ

ಇದನ್ನು ಓದುವವರಲ್ಲಿ ಬರೆಯುವವರೂ ಇರುತ್ತೀರಿ. ಸ್ಕಾರ್ಲೆಟ್ ಕತೆಯನ್ನು ಕನ್ನಡದಲ್ಲಿ ಯಾರಾದರೂ ಮುಂದುವರಿಸಬಹುದಾ? ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಲೆಕ್ಕ. ಮಿಚೆಲ್ ಹೋದದ್ದು 1949ರಲ್ಲಿ. ಹಾಗಾಗಿ 2010ರ ಜನವರಿ 1ರಿಂದ ಅವರ ಕಾದಂಬರಿ ಇಲ್ಲಿ ಎಲ್ಲರದ್ದು. ಅನುವಾದಿಸಬಹುದು, ಮುಂದುವರಿಸಬಹುದು, ಪ್ರಿಸ್ಸಿಯ ಬಾಯಿಂದ ಇಡೀ ಕತೆಯನ್ನು ಹೊಸದಾಗಿ ಹೇಳಿಸಬಹುದು. ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪುಸ್ತಕವನ್ನು ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾರಲು ಹೊರಟರೆ ಅಲ್ಲಿನ ಕಾನೂನು ಬರುತ್ತದೆ. ಅಲ್ಲಿ ಹಕ್ಕು ಮುಗಿಯುವುದು 2031ರ ಡಿಸೆಂಬರ್ 31ಕ್ಕೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಮೂಲ ಬಿಡುಗಡೆಯಾದರೂ ಸೀಕ್ವೆಲ್ ಬಿಡುಗಡೆಯಾಗಿರುವುದಿಲ್ಲ. ಬಾಲಿಹಾರಾ, ಕ್ಯಾಟ್, ಪಾದ್ರಿ ಕಾಲಂ ಇವೆಲ್ಲ ರಿಪ್ಲಿಯ ಕಲ್ಪನೆ. ಅವರು ಹೋದದ್ದು 2004ರಲ್ಲಿ, ಹಾಗಾಗಿ ಭಾರತದ ಲೆಕ್ಕದಲ್ಲಿ 2064ರ ಕೊನೆಯವರೆಗೂ ಅವನ್ನು ಮುಟ್ಟುವ ಹಾಗಿಲ್ಲ. ಸ್ಕಾರ್ಲೆಟ್‌ಗೆ ಐರ್ಲೆಂಡ್‌ನಲ್ಲಿ ಒಬ್ಬ ಮಗಳಿದ್ದಳು ಅಂತ ನೀವು ಬರೆದರೆ ತೊಂದರೆ. ಅವಳು ಟಾರಾಕ್ಕೆ ವಾಪಸ್ ಹೋದಳು, ಬಾಗಿಲು ತೆರೆದ ಡಿಲ್ಸಿ ಅವಳನ್ನು ಕೂರಿಸಿ ಸಂಬಳದ ಲೆಕ್ಕ ಕೇಳಿದಳು ಅಂತ ಬರೆದರೆ ಇಲ್ಲಿ ನಿಮ್ಮನ್ನು ತಡೆಯುವವರಿಲ್ಲ.